ಬಿಸಿಲಿಗಿಳಿಯುವ ಮುನ್ನ ನಾಯಿಯ ಅಂಗಾಲು ನೆನಪಿಸಿಕೊಳ್ಳಿ

ಮಾನ್ಯರೇ,

ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟಿದ ದಿನವೂ ಸಂಜೆ ನಾಲ್ಕಕ್ಕೇ ನಾಯಿಯನ್ನು ಡಾಂಬರು ರಸ್ತೆಗೆ ಕರೆದೊಯ್ಯುವವರಿದ್ದಾರೆ. ಚಪ್ಪಲಿ ಹಾಕಿದವರಿಗೆ ಆ ಕಾವು ತಿಳಿಯುವುದಿಲ್ಲ. ಅಂಗೈಯ ಹಿಂಬದಿಯನ್ನು ರಸ್ತೆಗೆ ಊರಿ ಏಳು ಸೆಕೆಂಡ್ ಎಣಿಸಿ. ತಾಳಲಾಗದಿದ್ದರೆ ನಾಯಿಯ ಅಂಗಾಲೂ ಸುಡುತ್ತದೆ. ಸಾಕಿದವರು ಕರೆದರೆ ಪಾಪ, ಸುಟ್ಟರೂ ಅದು ಜತೆಗೇ ಬರುತ್ತದೆ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಕುವುದೇ ಮೈ ತಣಿಸುವ ಮುಖ್ಯ ದಾರಿ. ಮೂತಿಗೆ ಬಿಗಿಯಾದ ಪಟ್ಟಿ ಕಟ್ಟಿದರೆ ಅದೂ ಮುಚ್ಚಿತು. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗಂತೂ ಇನ್ನೂ ಕಷ್ಟ.

ವಸಡು ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ತಕ್ಷಣ ನೆರಳಿಗೆ ತನ್ನಿ. ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಸುರಿಯುತ್ತಾ ಫ್ಯಾನ್ ಹಾಕಿ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕಾದಿರುತ್ತದೆ, ಸಂಪಿನಿಂದ ಸೇದಿಕೊಳ್ಳಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಅದು ಶಾಖ ಹಿಡಿದಿಡುತ್ತದೆ. ನಾಯಿ ಮಂಕಾಗಿದ್ದರೆ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಚೇತರಿಸಿಕೊಂಡಂತೆ ಕಂಡರೂ ಕೂಡಲೇ ಪಶುವೈದ್ಯರಿಗೆ ತೋರಿಸಿ. ಮೂತ್ರಪಿಂಡಕ್ಕೆ ಬಿದ್ದ ಪೆಟ್ಟು ಒಂದೆರಡು ದಿನ ಕಳೆದ ಮೇಲೂ ಹೊರಬೀಳಬಹುದು.

– ಕೆಲವು ಶ್ವಾನಪ್ರಿಯರು, ಕಲಬುರಗಿ