ಮಗಳಿಗೊಂದು ಪತ್ರ: ನನ್ನ ಕೈ, ನನ್ನ ಕೆಲಸ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ "ಇನ್ನು ಅಡುಗೆಮನೆ ಕಡೆ ತಲೆ ಹಾಕಬೇಡ, ಸುಮ್ನೆ ಕೂತಿರು" ಅಂದೆಯಲ್ಲ, ಅಕ್ಕರೆಯಿಂದ ಹೇಳಿದ್ದು ಅಂತ ಗೊತ್ತು. ಆದರೆ ಆ ಮಾತು ನಾನು ಒಪ್ಪುವುದಿಲ್ಲ ಕಣೇ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಬರೆದು ಪೆನ್ನು ಕೆಳಗಿಟ್ಟು, ಮತ್ತೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಗಾಬರಿಯಾಗಬೇಡ.

ನಿನ್ನ ಅಜ್ಜಿಯ ಬೆರಳು ನೆನಪಿದೆಯಾ? ತುದಿಯ ಗೆಣ್ಣುಗಳಲ್ಲಿ ಬಟಾಣಿ ಕಾಳಿನಷ್ಟು ಗಂಟು ಇರುತ್ತಿತ್ತು. ಈಗ ನನಗೂ ಬಂದಿದೆ. ಇದಕ್ಕೆ ಹೆಬರ್ಡನ್ ಗಂಟು ಅಂತಾರೆ, ಇಂಗ್ಲೆಂಡಿನ ಹಳೇ ಕಾಲದ ವೈದ್ಯರೊಬ್ಬರ ಹೆಸರು ಅದು. ಇದು ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಕೀಲು ಸವೆಯುವ ಕಾಯಿಲೆ. ಮನೆತನದಲ್ಲಿ ಬರುವುದುಂಟು. ಹೆಂಗಸರಿಗೆ ಜಾಸ್ತಿ, ಅದೂ ಮುಟ್ಟು ನಿಲ್ಲುವ ವಯಸ್ಸಿನ ಹೊತ್ತಿಗೆ. ಗಂಟು ನೋಡಲು ಭಯ ಹುಟ್ಟಿಸುತ್ತದೆ. ಆದರೆ ನನ್ನನ್ನು ಹಿಂಡುತ್ತಿರುವುದು ಅದಲ್ಲ, ಹೆಬ್ಬೆರಳಿನ ಬುಡ.

ಒಲೆ ಮೇಲಿಂದ ಸಾರಿನ ಪಾತ್ರೆ ಇಳಿಸುವಾಗ ನಿನ್ನ ಕೈಯನ್ನೇ ಒಂದು ಸಲ ನೋಡಿಕೋ. ಇಕ್ಕಳದ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಪಾತ್ರೆ ಜಾರದಂತೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಹೆಬ್ಬೆರಳಿನ ತುದಿಯಲ್ಲಿ 1 ಕಿಲೋದಷ್ಟು ಒತ್ತಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಬೀಳುತ್ತದೆ. ನನ್ನ ಆ ಕೀಲಿನಲ್ಲಿ ಎಲುಬುಗಳ ನಡುವಿನ ನುಣುಪು ಪದರ ಸವೆದಿದೆ, ಅಂಚಿನಲ್ಲಿ ಎಲುಬು ಬೆಳೆದಿದೆ. ಹಿಡಿದ ತಕ್ಷಣ ಚಳಕ್ ಅನ್ನುತ್ತದೆ, ಕೈ ತಾನಾಗಿ ಸಡಿಲವಾಗುತ್ತದೆ. ನೀರಿನ ಬಾಟಲಿಯ ಮುಚ್ಚಳ, ಬೀಗದ ಕೈ, ಬ್ಲೌಸಿನ ಹುಕ್ಕು, ಬಟ್ಟೆ ಹಿಂಡುವುದು, ಎಲ್ಲದರಲ್ಲೂ ಇದೇ ಚಿವುಟಿ ಹಿಡಿಯುವ, ತಿರುಚುವ ಕೆಲಸ. ಹೂ ಕಟ್ಟಲು ಕೂತರೆ ಒಂದು ಮೊಳ ಆಗುವಷ್ಟರಲ್ಲಿ ಬೆರಳು ಸೋತುಹೋಗುತ್ತದೆ.

ಒಂದು ಮಾತು ನನಗೆ ತುಂಬಾ ನೋವು ಕೊಡುತ್ತದೆ. ತರಕಾರಿ ಚೀಲ ಮೊಳಕೈಗೆ ನೇತುಹಾಕಿಕೊಂಡು ಬರುತ್ತೇನೆ, ಸೇಫ್ಟಿ ಪಿನ್ ಹಾಕಲು ಮಾತ್ರ ಯಾರನ್ನಾದರೂ ಕರೆಯುತ್ತೇನೆ. ನೋಡಿದವರು "ಇಷ್ಟು ಭಾರ ಹೊರುತ್ತೀರಿ, ಪಿನ್ ಹಾಕಲು ಆಗಲ್ವಾ?" ಅಂತಾರೆ. ಭಾರಕ್ಕಿಂತ ಹಿಡಿತ ಕಷ್ಟ ಅಂತ ಅವರಿಗೆ ತಿಳಿಯುವುದಿಲ್ಲ. ನೋವೂ ದಿನಾ ಒಂದೇ ಥರ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಸವೆತ ಕಂಡಷ್ಟೇ ನೋವು ಇರಬೇಕು ಅಂತಲೂ ಇಲ್ಲ. ನೋವಿದೆ ಅಂದರೆ ನಂಬಬೇಕು, ಅಷ್ಟೇ.

ನಿನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆಯ ಭಯ ಇತ್ತಲ್ಲ, ಇದು ಅದಲ್ಲ. ಅದರಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಒಂದು ಗಂಟೆಗೂ ಮೀರುತ್ತದೆ, ಮುಷ್ಟಿಯ ಗೆಣ್ಣು, ಮಣಿಕಟ್ಟು ಊದುತ್ತವೆ. ನನಗೆ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಬೆರಳು ಸಡಿಲವಾಗುತ್ತದೆ.

ಈಗ ಸುಮ್ನೆ ಕೂರುವ ಮಾತಿಗೆ ಬರುತ್ತೇನೆ. ಕೈ ಆಡಿಸದೇ ಬಿಟ್ಟರೆ ಕೀಲು ಇನ್ನೂ ಬಿಗಿಯಾಗುತ್ತದೆ, ಹಿಡಿತದ ಬಲವೂ ಕುಗ್ಗುತ್ತದೆ. ಅದಕ್ಕೇ ದಿನಾ ಬೆರಳಿನ ವ್ಯಾಯಾಮ ಮಾಡುತ್ತೇನೆ. ಹೆಬ್ಬೆರಳಿನ ಬುಡಕ್ಕೆ ಆಧಾರ ಕೊಡುವ ಪಟ್ಟಿ (ಸ್ಪ್ಲಿಂಟ್) ಕೊಟ್ಟಿದ್ದಾರೆ. ಅದನ್ನು 3 ತಿಂಗಳಾದರೂ ಬಿಡದೆ ಹಾಕಿಕೊಂಡರೇ ಗುಣ ಕಾಣುವುದಂತೆ. ನೋವು ಜಾಸ್ತಿಯಾದಾಗ ಮೊದಲು ಹಚ್ಚುವ ಜೆಲ್. ಮಾತ್ರೆ ಹೊಟ್ಟೆಗೆ, ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು, ಹಾಗಾಗಿ ಅದು ಆಮೇಲೆ, ಅದೂ ಡಾಕ್ಟರನ್ನು ಕೇಳಿಯೇ. ಸವೆದ ಪದರವನ್ನು ಮತ್ತೆ ಬೆಳೆಸುವ ಔಷಧ ಇಲ್ಲ. ಆದರೆ ಕೆಲಸ ಮಾಡುವ ರೀತಿ ನನ್ನ ಕೈಯಲ್ಲೇ ಇದೆ. ಇಕ್ಕಳ ಬಿಟ್ಟು ಎರಡು ಕಡೆ ಹಿಡಿ ಇರುವ ಪಾತ್ರೆ ಇಟ್ಟಿದ್ದೇನೆ. ಎರಡೂ ಅಂಗೈ ಕೊಟ್ಟು ಎತ್ತುತ್ತೇನೆ. ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ಒಂದೇ ಸಮನೆ ಕಾಯಿ ತುರಿಯುವುದಿಲ್ಲ, ಅರ್ಧ ಹೋಳಾದ ಮೇಲೆ ಬೇರೆ ಕೆಲಸ.

ದೀಪಾವಳಿಗೆ ಬಂದಾಗ ಚಕ್ಕುಲಿ ಒರಳು ಒತ್ತುವ ಕೆಲಸ ನಿನ್ನದು. ಹಿಟ್ಟಿನ ಹದ ನೋಡುವುದು, ಎಣ್ಣೆ ಮುಂದೆ ನಿಲ್ಲುವುದು ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆಮೇಲೆ ಡಬ್ಬಕ್ಕೆ ತುಂಬಿಡುತ್ತೀಯಲ್ಲ, ಮುಚ್ಚಳ ಬಿಗಿಯಾಗಿ ತಿರುಗಿಸಬೇಡ.

ಇಂತಿ,
ನಿನ್ನ ಅಮ್ಮ