ಅಮ್ಮಂಗೆ, ಹಿತ್ಲಲ್ಲಿ ನೀಲಿ ಲೈಟು ಯಾಕೆ ಅಂತ ಕೇಳಿದ್ದಕ್ಕೆ

ಸೇಂಟ್ ಆಲ್ಬನ್ಸ್, ಇಂಗ್ಲೆಂಡ್
ಮಾರ್ಚ್ 14, ಶನಿವಾರ

ಅಮ್ಮಾ,

ಹೇಗಿದ್ದೀಯ, ಮಂಡಿ ನೋವು ಕಮ್ಮಿ ಆಯ್ತಾ. ಯುಗಾದಿಗೆ ಇನ್ನು ಐದೇ ದಿನ, ಇಲ್ಲಿ ಬೇವಿನ ಸೊಪ್ಪು ಎಲ್ಲಿ ಸಿಗುತ್ತೋ ನೋಡ್ಬೇಕು. ಮೊನ್ನೆ ವಿಡಿಯೋ ಕಾಲಲ್ಲಿ ಹಿಂದ್ಗಡೆ ಅದೇನೇ ನೀಲಿ ಲೈಟು ಉರೀತಿದೆ ಅಂತ ಕೇಳ್ದೆ, ಅಷ್ಟ್ರಲ್ಲಿ ನಿಮ್ಮಲ್ಲಿ ಕರೆಂಟ್ ಹೋಯ್ತು, ಹೇಳಕ್ಕಾಗ್ಲಿಲ್ಲ. ಫೋನಲ್ಲಿ ಹೇಳಿ ಮುಗಿಯೋ ವಿಷ್ಯನೂ ಅಲ್ಲ, ಅದಕ್ಕೆ ಕೂತು ಬರೀತಿದೀನಿ, ಅಜ್ಜಿಗೂ ಓದಿ ಹೇಳು, ಅಪ್ಪಂಗೆ ಕೊನೇಲಿ ಒಂದು ಕೆಲಸ ಇದೆ.

ಅದು ದೀಪದ ಹುಳ, ಅಂದ್ರೆ ಪತಂಗ, ಹಿಡಿಯೋ ಡಬ್ಬ ಅಮ್ಮ, ಇಲ್ಲಿ ಅದಕ್ಕೆ ಮಾತ್ ಅಂತಾರೆ. ಪಕ್ಕದ ಮನೇಲಿ ಒಬ್ರು ವಯಸ್ಸಾದ ಅಜ್ಜಿ ಇದಾರೆ ಅಂದಿದ್ನಲ್ಲ, ಅವರದ್ದು. ಕೈ ನಡುಗುತ್ತೆ, ಬೆಳಿಗ್ಗೆ ಬಗ್ಗಿ ನೋಡಕ್ಕಾಗಲ್ಲ, ಇನ್ಮೇಲೆ ನೀನೇ ಹಚ್ಚು ಅಂತ ಚಳಿಗಾಲ ಮುಗಿಯೋ ಹೊತ್ತಿಗೆ ತಂದು ಕೊಟ್ರು. ಮರದ ಪೆಟ್ಟಿಗೆ, ಮೇಲೆ ಎರಡು ಪ್ಲಾಸ್ಟಿಕ್ ಹಾಳೆ ಇಳಿಜಾರಾಗಿ ಇಟ್ಟು ಮಧ್ಯ ಸಂದು ಬಿಟ್ಟಿರ್ತಾರೆ, ಅದರ ಮೇಲೊಂದು ಟ್ಯೂಬ್ ಲೈಟು, ನಮ್ಮ ಕಣ್ಣಿಗೆ ಮಂಕು ನೀಲಿ ಆದ್ರೆ ಹುಳಗಳ ಕಣ್ಣಿಗೆ ತುಂಬಾ ಪ್ರಕಾಶ. ಒಳಗಡೆ ಕೋಳಿಮೊಟ್ಟೆ ಟ್ರೇ ತುಂಬಿಸೋದು, ಅಂಗಡೀಲಿ ಕೊಡ್ತಾರಲ್ಲ ಅದೇ ರಟ್ಟಿನ ಟ್ರೇ. ಹುಳ ಲೈಟಿಗೆ ಬಂದು ಸಂದಿಂದ ಜಾರಿ ಒಳಗೆ ಬಿದ್ದು ಟ್ರೇ ಗುಂಡಿಗಳಲ್ಲಿ ಅವಿತು ಕೂರುತ್ತೆ, ಬೆಳಗಾದ್ರೆ ನಿದ್ದೆ. ನಾವು ಒಂದೊಂದೇ ಟ್ರೇ ಎತ್ತಿ ಯಾವುದು ಎಷ್ಟು ಬಂದಿದೆ ಅಂತ ಬರ್ಕೊಂಡು ಪೊದೆ ಒಳಗೆ ಬಿಟ್ಟುಬಿಡೋದು.

ಅಪ್ಪ ಇದನ್ನ ಕೇಳಿದ್ ತಕ್ಷಣ ಲೈಟ್ ಟ್ರ್ಯಾಪ್ ತಾನೆ, ಟೊಮ್ಯಾಟೊ ತೋಟದಲ್ಲಿ ಕೆಳಗೆ ನೀರಿನ ಬಾಂಡ್ಲಿ ಇಟ್ಟು ಸೀಮೆಎಣ್ಣೆ ಬಿಡ್ತೀವಲ್ಲ ಅಂತಾರೆ ಗೊತ್ತು. ಬೆಳಕು ಅದೇ, ಆದ್ರೆ ಇಲ್ಲಿ ಒಂದೂ ಸಾಯಬಾರ್ದು, ಎಣಿಸೋದಷ್ಟೇ. ಗಾರ್ಡನ್ ಮಾತ್ ಸ್ಕೀಮ್ ಅಂತ ಇದೆ, ಮಾರ್ಚ್‌ನಿಂದ ನವೆಂಬರ್ ತನಕ ವಾರಕ್ಕೊಂದು ರಾತ್ರಿ, ಶುಕ್ರವಾರ, ಅವರವರ ಮನೆ ಹಿತ್ಲಲ್ಲೇ ಹಚ್ಚಿ ಲೆಕ್ಕ ಕಳಿಸ್ತಾರೆ, ಏನೂ ಬರ್ಲಿಲ್ಲ ಅಂದ್ರೂ ಸೊನ್ನೆ ಅಂತ ಬರೀಲೇಬೇಕು.

ಮೊದಲ್ನೇ ಸಲ ನಂಗೆ ಸೊನ್ನೆನೇ. ಫೆಬ್ರವರಿ ಕೊನೇ ಶುಕ್ರವಾರ ಸುಮ್ನೆ ಹಚ್ಚಿ ನೋಡಿದ್ದು, ಹುಣ್ಣಿಮೆ ಹತ್ರ, ಆಕಾಶ ಸ್ವಚ್ಛ, ಬೆಳಿಗ್ಗೆ ನೋಡಿದ್ರೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೆಳ್ದಿಂಗಳಿದ್ರೆ ಬರಲ್ಲ, ಮೋಡ ಮುಚ್ಚಿ ಸ್ವಲ್ಪ ಬೆಚ್ಚಗಿರೋ ಕತ್ತಲೆ ರಾತ್ರಿ ಬೇಕು ಅಂತ ಆ ಅಜ್ಜಿ ಆಮೇಲೆ ಹೇಳಿದ್ರು. ಎರಡನೇ ವಾರ ಬಂದಿದ್ವು, ಆದ್ರೆ ನಾನು ಏಳೂವರೆ ತನಕ ಮಲಗಿಬಿಟ್ಟೆ. ಇಲ್ಲಿ ರಾಬಿನ್ ಅಂತ ಎದೆ ಕೆಂಪಗಿರೋ ಪುಟ್ಟ ಹಕ್ಕಿ ಇದೆ, ಅದು ಬೆಳಕು ಹರಿಯೋಕೆ ಮುಂಚೆ ಬಂದು ಪೆಟ್ಟಿಗೆ ಮೇಲೆ, ಗೋಡೆ ಮೇಲೆ ಕೂತಿದ್ದನ್ನೆಲ್ಲ ಹೆಕ್ಕಿಬಿಟ್ಟಿತ್ತು. ಹುಲ್ಲಲ್ಲಿ ಬರೀ ರೆಕ್ಕೆ ಬಿದ್ದಿತ್ತು ಅಮ್ಮ, ನಾಲ್ಕೈದು ಜೊತೆ. ಹೊಟ್ಟೆ ಉರೀತು. ಕರೆದಿದ್ದು ನಾನು, ಕಾಯದೇ ಇದ್ದಿದ್ದೂ ನಾನು. ನೀನು ರಾತ್ರಿ ರೇಷ್ಮೆ ಹುಳುಗೆ ಸೊಪ್ಪು ಹಾಕಕ್ಕೆ ಅಲಾರಂ ಇಲ್ದೆ ಏಳ್ತಿದ್ದದ್ದು ಅವತ್ತು ತುಂಬಾ ನೆನಪಾಯ್ತು.

ನಿನ್ನೆ ರಾತ್ರಿ ಮೋಡ, ಗಾಳಿ ಇರ್ಲಿಲ್ಲ, ಅಮಾವಾಸ್ಯೆ ಬೇರೆ ಹತ್ರ. ಬೆಳಿಗ್ಗೆ ಐದೂವರೆಗೇ ಸ್ವೆಟರ್ ಹಾಕ್ಕೊಂಡು ಹೋದೆ, ಹತ್ತೊಂಬತ್ತು ಬಂದಿದ್ವು! ಅದ್ರಲ್ಲಿ ಹನ್ನೊಂದು ಕಾಮನ್ ಕ್ವೇಕರ್ ಅಂತ, ಒಣಗಿದ ಎಲೆ ಬಣ್ಣ, ಮೊದಲ ನೋಟಕ್ಕೆ ಏನೂ ಇಲ್ಲ ಅನ್ಸುತ್ತೆ, ಟಾರ್ಚ್ ಓರೆಯಾಗಿ ಹಿಡಿದ್ರೆ ರೆಕ್ಕೆ ಮೇಲೆ ದುಂಡಗೆ ಒಂದು, ಉದ್ದುದ್ದ ಒಂದು ಗೆರೆ, ನೀನು ಬಾಗಿಲಲ್ಲಿ ಎಳೆ ಎಳೀತೀಯಲ್ಲ ಅಷ್ಟು ನಾಜೂಕು. ಹೀಬ್ರೂ ಕ್ಯಾರೆಕ್ಟರ್ ಅಂತ ಐದು, ಅದ್ರ ರೆಕ್ಕೆ ಮೇಲಿರೋ ಕಪ್ಪು ಗುರುತು ಹೀಬ್ರೂ ಭಾಷೆಯ ನೂನ್ ಅಕ್ಷರದ ಥರ ಇದೆ ಅಂತ ಆ ಹೆಸರು. ನಂಗೆ ಮಾತ್ರ ಅನುಸ್ವಾರದ ಸೊನ್ನೆನ ಯಾರೋ ಒಂದು ಕಡೆ ಕಚ್ಚಿದ ಹಾಗೆ ಕಂಡಿತು. ಇವೆಲ್ಲ ಈಗ ವಿಲ್ಲೋ ಗಿಡದ ಹೂವಿನ ಮೇಲೆ ಬದುಕ್ತಿರೋವು, ಬೇರೆ ಗಿಡಗಳಲ್ಲಿ ಇನ್ನೂ ಹೆಚ್ಚು ಹೂ ಇಲ್ಲ.

ಅದ್ರಲ್ಲೊಂದು ನನ್ನ ಬೆರಳು ಹತ್ತಿ ಗಡಗಡ ನಡುಗಕ್ಕೆ ಶುರು ಮಾಡ್ತು. ಅಯ್ಯೋ ಚಳಿಗೆ ಸಾಯ್ತಿದೆ ಅಂತ ಅಂಗೈ ಮುಚ್ಚಕ್ಕೆ ಹೋದೆ, ಪಕ್ಕದ ಅಜ್ಜಿ ಬೇಲಿ ಆಚೆಯಿಂದ ಬಿಡು ಬಿಡು ಅಂದ್ರು. ಅದು ಮೈ ಬಿಸಿ ಮಾಡ್ಕೊಳ್ಳೋದಂತೆ. ತಣ್ಣಗಿದ್ರೆ ಹಾರೋ ಮಾಂಸಖಂಡ ಕೆಲಸ ಮಾಡಲ್ಲ, ಅದಕ್ಕೆ ನಿಂತಲ್ಲೇ ರೆಕ್ಕೆ ಅದುರಿಸಿ ಅದುರಿಸಿ ಎದೆ ಕಾಯಿಸ್ಕೊಂಡು ಆಮೇಲೆ ಏಳೋದು. ಎದೆ ಮೇಲೆ ದಪ್ಪ ತುಪ್ಪಳ ಇದೆ, ಕಂಬಳಿ ಹೊದ್ದ ಹಾಗೆ. ಒಂದು ನಿಮಿಷ ಇರ್ಬೇಕು, ನನ್ನ ಬೆರಳಿಗೂ ಆ ಅದುರು ಗೊತ್ತಾಗ್ತಿತ್ತು, ಆಮೇಲೆ ಟಕ್ ಅಂತ ಹೋಯ್ತು. ಬೆರಳ ಮೇಲೆ ಸ್ವಲ್ಪ ಪುಡಿ ಉಳೀತು, ಎಷ್ಟೋ ಹೊತ್ತು ತೊಳೀಲಿಲ್ಲ.

ಹುಳಕ್ಕೆ ದೀಪದ ಮೇಲೆ ಆಸೆ, ಅದಕ್ಕೆ ಬೀಳ್ತವೆ ಅಂತ ನಮ್ಮಜ್ಜಿ ಹೇಳೋರಲ್ಲ, ಆಸೆ ಅಲ್ವಂತೆ, ಅಜ್ಜಿಗೆ ಹೇಳು. 2024ರಲ್ಲಿ ವಿಜ್ಞಾನಿಗಳು ವೇಗದ ಕ್ಯಾಮೆರಾ ಇಟ್ಟು ನೋಡಿದಾರೆ, ರಾತ್ರಿ ಹಾರೋ ಹುಳಗಳು ಬೆನ್ನನ್ನ ಬೆಳಕಿನ ಕಡೆ ತಿರುಗಿಸ್ತವೆ, ಯಾಕಂದ್ರೆ ದೀಪ ಇಲ್ದಿದ್ರೆ ಆಕಾಶನೇ ಸ್ವಲ್ಪ ಬೆಳಗಿರುತ್ತೆ, ಅದೇ ಅವಕ್ಕೆ ಮೇಲು ಯಾವುದು ಅಂತ ಗುರುತು. ಬಲ್ಬ್ ಹತ್ರ ಬಂದ್ರೆ ದಿಕ್ಕು ತಪ್ಪಿ ಸುತ್ತುತಾ ಇರ್ತವೆ. ಪಾಪ ಅಲ್ವಾ.

ಇನ್ನೊಂದು ಹೇಳ್ಬೇಕು. ಮಾರ್ಚ್ ಮಾತ್ ಅಂತ ಇದೆ, ಗಂಡು ಮಾತ್ರ ಡಬ್ಬಕ್ಕೆ ಬರೋದು, ಹೆಣ್ಣಿಗೆ ರೆಕ್ಕೆನೇ ಇಲ್ಲ. ಅದನ್ನ ನೋಡ್ಲೇಬೇಕು ಅಂತ ಟಾರ್ಚ್ ಹಿಡ್ಕೊಂಡು ಹಿತ್ಲ ಮರದ ಕಾಂಡ ಎಲ್ಲಾ ಹುಡುಕಿದೆ, ಮೂರನೇ ದಿನ ಸಿಕ್ತು, ಜೋಳದ ಕಾಳಿನಷ್ಟು, ಬೂದು ಬಣ್ಣ, ನಿಧಾನಕ್ಕೆ ಮರ ಹತ್ತುತಿತ್ತು. ಸಣ್ಣ ಕಡ್ಡಿ ಸುತ್ತ ಬಳೆ ಥರ ಮೊಟ್ಟೆ ಇಟ್ಟು ತನ್ನ ಬಾಲದ ತುಪ್ಪಳಾನೇ ಕಿತ್ತು ಅದ್ರ ಮೇಲೆ ಹೊದಿಸುತ್ತಂತೆ. ನಮ್ಮ ರೇಷ್ಮೆ ಚಿಟ್ಟೆನೂ ಹಾರಲ್ಲ ಅಂತ ಆ ಅಜ್ಜಿಗೆ ಹೇಳ್ದೆ, ರೆಕ್ಕೆ ಇದ್ದೂ ಹಾರಲ್ಲ, ಸಾವಿರಾರು ವರ್ಷ ಮನುಷ್ಯರು ಸಾಕಿ ಹಾರೋದೇ ಮರೆತಿದೆ, ಬಾಯಿಗೆ ಏನೂ ತಿನ್ನಲ್ಲ, ನಾನೂರು ಐನೂರು ಮೊಟ್ಟೆ ಇಟ್ಟು ಸಾಯುತ್ತೆ ಅಂತೆಲ್ಲಾ ಹೇಳ್ದೆ. ಅವರು ಕೇಳಿದ್ರು, ಹೌದಾ, ಅದ್ರ ಮುಖ ಹೇಗಿರುತ್ತೆ?

ನಂಗೆ ಹೇಳಕ್ಕೆ ಬರ್ಲಿಲ್ಲ ಅಮ್ಮ. ಹುಟ್ಟಿದಾಗಿಂದ ರೇಷ್ಮೆ ಹುಳು ಮನೇಲೇ ಬೆಳೆದವಳು ನಾನು. ಎಳೇ ಚಾಕಿ ಹುಳು ಗೊತ್ತು, ಪೊರೆ ಬಿಡೋ ನಾಲ್ಕು ಜ್ವರನೂ ಗೊತ್ತು, ಹಣ್ಣಾದ ಹುಳು ಬೆಳಕಿಗೆ ಹಿಡಿದ್ರೆ ಒಳಗೆ ಹೊಳೆಯೋದು ಗೊತ್ತು, ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆ ಮೇಲೆ ಬಿಟ್ಟ ರಾತ್ರಿ ತಲೆ ಆ ಕಡೆ ಈ ಕಡೆ ಆಡಿಸ್ತಾ ನೂಲು ಬಿಡೋದು ಗಂಟೆಗಟ್ಲೆ ನೋಡಿದೀನಿ. ಗೂಡು ಬಿಡಿಸಿ ಮೂಟೆ ಕಟ್ಟಿ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಯ್ತು ಅಂದ್ರೆ ನಮ್ಮ ಕೆಲಸ ಮುಗೀತು. ಚಿಟ್ಟೆ ಹೊರಗೆ ಬಂದ್ರೆ ಗೂಡು ತೂತು, ನೂಲು ಬರಲ್ಲ, ನೂಲು ತೆಗೆಯೋ ರೀಲರ್ ಮುಟ್ಟಲ್ಲ, ಅದಕ್ಕೆ ಬರಕ್ಕೆ ಮುಂಚೆನೇ ಆವಿ ಕೊಟ್ಟುಬಿಡ್ತಾರೆ. ಅದು ತಪ್ಪು ಅಂತ ಬರೀತಿಲ್ಲ, ನನ್ನ ಫೀಸು, ಈ ಟಿಕೆಟ್ಟು, ಎಲ್ಲಾ ಆ ಗೂಡಿಂದಾನೇ ಬಂದಿದ್ದು. ಆದ್ರೂ ಅಷ್ಟು ವರ್ಷದಲ್ಲಿ ಒಂದು ಚಿಟ್ಟೆ ಮುಖ ನೋಡ್ಲಿಲ್ವಲ್ಲ ಅಂತ ಎರಡು ದಿನದಿಂದ ಮನಸ್ಸಲ್ಲಿ ಕೊರೀತಿದೆ.

ಅಪ್ಪಂಗೊಂದು ವಿಷ್ಯ. ತೋಟದಲ್ಲಿ ಮೋಹಕ ಬಲೆ ಕಟ್ತಾರಲ್ಲ, ಹೆಣ್ಣು ಹುಳದ ವಾಸನೆಗೆ ಗಂಡು ಬಂದು ಬೀಳುತ್ತೆ, ಅಂಥ ವಾಸನೆ ಏನು ಅಂತ ಪ್ರಪಂಚದಲ್ಲಿ ಮೊದಲು ಕಂಡುಹಿಡಿದಿದ್ದೇ ನಮ್ಮ ರೇಷ್ಮೆ ಚಿಟ್ಟೆಯಿಂದ. 1959ರಲ್ಲಿ, ಬುಟೆನಾಂಟ್ ಅಂತ ಜರ್ಮನಿಯವರು, ಐದು ಲಕ್ಷ ಹೆಣ್ಣು ಚಿಟ್ಟೆ ಬೇಕಾಯ್ತಂತೆ ಒಂದು ಚೂರು ತೆಗೆಯಕ್ಕೆ. ಬಾಂಬಿಕಾಲ್ ಅಂತ ಹೆಸರಿಟ್ರು.

ಇಲ್ಲಿಂದ ಎಂಟು ಕಿಲೋಮೀಟರ್ ಆಚೆ ಹಾರ್ಪೆಂಡೆನ್‌ನಲ್ಲಿ ರೋಥಮ್‌ಸ್ಟೆಡ್ ಅಂತ ಕೃಷಿ ಸಂಶೋಧನಾ ಕೇಂದ್ರ ಇದೆ, 1843ರದ್ದು. ಅವರು 1968ರಿಂದ ದೇಶದ ತುಂಬಾ ಇಂಥ ದೀಪ ಹಚ್ಚಿ ದಿನಾ ಎಣಿಸ್ತಿದಾರೆ. ಐವತ್ತು ವರ್ಷದ ಲೆಕ್ಕ ನೋಡಿದ್ರೆ ದೊಡ್ಡ ಪತಂಗಗಳ ಸಂಖ್ಯೆ ಮೂರನೇ ಒಂದು ಭಾಗ ಇಳಿದಿದೆ. ಯಾರೋ ಬೇಜಾರಿಲ್ದೆ ಬರ್ದಿಟ್ಟಿದ್ದಕ್ಕೆ ಇದು ಗೊತ್ತಾಯ್ತು. ನಮ್ಮೂರಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಬೀದಿ ದೀಪದ ಸುತ್ತ ಎಷ್ಟು ಹುಳ ಇರ್ತಿದ್ವು, ಈಗಲೂ ಅಷ್ಟೇ ಇದಾವಾ? ಅಜ್ಜಿನ ಕೇಳು. ನುಗ್ಗೆ ಮರದ ಕಂಬಳಿ ಹುಳ, ಎಳ್ಳು ಗಿಡದಲ್ಲಿ ಬಾಲಕ್ಕೆ ಕೊಂಡಿ ಇರೋ ದಪ್ಪ ಹಸಿರು ಹುಳ, ಅವೆಲ್ಲಾ ಪತಂಗದ ಮರಿಗಳೇ ಅಮ್ಮ, ಪುಟ್ಟಿಗೆ ತೋರಿಸು, ಕಂಬಳಿ ಹುಳ ಮಾತ್ರ ಮುಟ್ಟಕ್ಕೆ ಬಿಡ್ಬೇಡ.

ಈಗ ಅಪ್ಪನ ಕೆಲಸ. ಹುಳು ಮೂರನೇ ಜ್ವರ ಎದ್ದಿದೆ ಅಂದ್ರಲ್ಲ, ಹಾಗಾದ್ರೆ ತಿಂಗಳ ಕೊನೆಗೆ ಗೂಡು. ಮಾರ್ಕೆಟ್ಟಿಗೆ ಹಾಕೋವಾಗ ಐದೇ ಐದು ಗೂಡು ತೆಗೆದಿಡಕ್ಕೆ ಹೇಳು, ಬೆಳೇಲಿ ಐದು ಗೂಡು ಹೋದ್ರೆ ಏನೂ ಆಗಲ್ಲ. ಹುಳು ಮನೇಲಿ ಬೇಡ, ರೋಗ ಗೀಗ ಅಂತ ಅಪ್ಪ ಒಪ್ಪಲ್ಲ, ನಡುಮನೆ ಗೋಡೆ ಗೂಡಲ್ಲಿ ಮೊಟ್ಟೆ ಟ್ರೇಲಿ ಇಡು, ಇರುವೆ ಬರದ ಹಾಗೆ ನೋಡ್ಕೋ. ಹತ್ತು ಹನ್ನೆರಡು ದಿನಕ್ಕೆ ಬೆಳ್ ಬೆಳಿಗ್ಗೆನೇ ಈಚೆ ಬರ್ತವೆ, ಗೂಡಿನ ಒಂದು ತುದಿ ಒದ್ದೆ ಆಗುತ್ತೆ, ಅದೇ ಗುರುತು. ಅಷ್ಟೊತ್ತಿಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಟ್ಟಿರ್ತಾರೆ, ನಿಂಗೆ ಬೆಳಿಗ್ಗೆ ಆರು ಅಂದ್ರೆ ನಂಗೆ ರಾತ್ರಿ ಒಂದೂವರೆ. ಪರವಾಗಿಲ್ಲ, ವಿಡಿಯೋ ಕಾಲ್ ಮಾಡು, ಪುಟ್ಟಿನೂ ಎಬ್ಬಿಸು. ಫೋನನ್ನ ಚಿಟ್ಟೆ ಮುಖದ ಹತ್ರ ಹಿಡಿ, ನಾನು ಪಕ್ಕದ ಅಜ್ಜಿಗೆ ಹೇಳ್ಬೇಕು.

ಮಾತ್ರೆ ತಪ್ಪಿಸ್ಬೇಡ.

ನಿನ್ನ ಮಗಳು