ಗಣಪತಿ ಪೆಂಡಾಲಿಗೆ ಈ ಸಲ ಸರಿಯಾದ ರ‍್ಯಾಂಪ್

ಎಲ್ಲರಿಗೂ ನಮಸ್ಕಾರ. ನಿನ್ನೆ ಪೆಂಡಾಲಿನವರ ಜೊತೆ ಮಾತಾಡಿ ಬಂದೆ. ಕಟ್ಟೆ ಒಂದೂವರೆ ಅಡಿ ಎತ್ತರ ಬರುತ್ತದೆ. ಹೋದ ವರ್ಷ ಮೆಟ್ಟಿಲ ಮೇಲೆ ಸುಮ್ನೆ ಒಂದು ಹಲಗೆ ಇಟ್ಟು ಅದನ್ನೇ ರ‍್ಯಾಂಪ್ ಅಂದಿದ್ದೆವು, ಅಲ್ವಾ? ಕಾಕಾರ ಗಾಲಿಕುರ್ಚಿ ಅರ್ಧಕ್ಕೇ ಹಿಂದೆ ಜಾರಿತು, ನಾಲ್ಕು ಜನ ಸೇರಿ ಎತ್ತಿದೆವು, ಕಾಕಾ "ಗಣಪ್ಪನ್ನ ಬಿಟ್ಟು ನನ್ನ ಮೆರವಣಿಗಿ ಮಾಡಾಕತ್ತೀರೇನೋ" ಅಂತ ನಕ್ಕರು. ನಕ್ಕರು ನಿಜ, ಮರುದಿನ ಆರತಿಗೆ ಬರಲಿಲ್ಲ.

ಲೆಕ್ಕ ಇಷ್ಟೇ: ಒಂದು ಅಡಿ ಎತ್ತರಕ್ಕೆ 12 ಅಡಿ ಇಳಿಜಾರು. ನಮಗೆ 18 ಅಡಿ ಬೇಕು. ಅದಕ್ಕೇ ಚಪ್ಪಲಿ ಬಿಡುವ ಜಾಗವನ್ನು ಬೇವಿನ ಮರದ ಕಡೆ ಸರಿಸಿದ್ದೇವೆ. ನಮ್ಮ ಧಾರವಾಡದ ಮಳೆ ಗೊತ್ತಲ್ಲ, ಹಲಗೆ ಒದ್ದೆಯಾದರೆ ಜಾರುತ್ತದೆ, ಮೇಲೆ ನಾರಿನ ಚಾಪೆಯನ್ನು ಮೊಳೆ ಹೊಡೆದು ಕೂರಿಸುತ್ತೇವೆ. ರ‍್ಯಾಂಪ್ ಮುಂದೆ ಬೈಕ್ ನಿಲ್ಲಿಸಬೇಡಿ, ಎರಡೇ ನಿಮಿಷ ಅಂತಾನೂ ಬೇಡ.

ಇನ್ನೊಂದು. ಕಾರ್ಯಕ್ರಮದ ಪಟ್ಟಿಯನ್ನು ಬರೀ ಫೋಟೋ ಹಾಕದೆ ಟೈಪ್ ಮಾಡಿಯೂ ಕಳಿಸಿ. ಕಣ್ಣು ಕಾಣದವರಿಗೆ ಫೋನ್ ಅಕ್ಷರ ಓದಿ ಹೇಳುತ್ತದೆ, ಫೋಟೋದೊಳಗಿನ ಬರಹ ಅದಕ್ಕೆ ಬಹಳ ಸಲ ಸಿಗುವುದಿಲ್ಲ. ಮೈಕಿನಲ್ಲಿ ಹೇಳಿದ್ದನ್ನೂ ಇಲ್ಲಿ ಬರೆಯಿರಿ, ಕಿವಿ ಕೇಳದವರೂ ಗುಂಪಿನಲ್ಲಿದ್ದಾರೆ.

ಹಲಗೆ ಹುಬ್ಬಳ್ಳಿಯಿಂದ ಗುರುವಾರ ಸಂಜೆ ಬರುತ್ತದೆ. ಇಳಿಸಲು ಐದಾರು ಜನ ಬೇಕು, ಬರುವವರು ಹೆಸರು ಹಾಕಿ. ಚಹಾ, ಮಿರ್ಚಿ ನನ್ನದು.